ಕಡ್ಡಿ ಮೆದುಳಿಗೆ ತಾಗುತ್ತದೆಯೇ?

ಜ್ವರ, ಕೆಮ್ಮು ಬಂದರೂ ಬಾಗಲಗುಂಟೆಯಲ್ಲಿ ಮೂಗಿನ ಪರೀಕ್ಷೆ ಎಂದರೆ ಹಿಂದೆ ಸರಿಯುವವರಿದ್ದಾರೆ. ‘ಕಡ್ಡಿ ಮೆದುಳಿಗೆ ತಾಗುತ್ತೆ ಸಾರ್’ ಎಂಬ 2020ರ ಮಾತು ಹೆಸರಘಟ್ಟ ರಸ್ತೆಯ ಬಸ್ಸುಗಳಲ್ಲಿ ಇನ್ನೂ ಟಿಕೆಟ್ಟಿಲ್ಲದೆ ಓಡಾಡುತ್ತಿದೆ!

ಕಡ್ಡಿ ಹೋಗಬೇಕಾದ್ದು ಮೇಲಕ್ಕಲ್ಲ ಸ್ವಾಮಿ. ಮೂಗಿನ ತಳ ಹಿಡಿದು ನೇರ ಹಿಂದಕ್ಕೆ, ಕಿವಿಯ ಮಟ್ಟಕ್ಕೆ. ಮೆದುಳು ಮೇಲಿದೆ, ನಡುವೆ ಎಲುಬಿದೆ. ಹಾಗೆಂದು ಅಪಾಯವೇ ಇಲ್ಲ ಅನ್ನೋ ಹಾಗಿಲ್ಲ. 2020ರಲ್ಲಿ ಅಮೆರಿಕದ ಹೆಂಗಸೊಬ್ಬರಿಗೆ ಪರೀಕ್ಷೆಯ ನಂತರ ಮೆದುಳಿನ ಸುತ್ತಲಿನ ನೀರು ಮೂಗಿನಿಂದ ಸೋರಿತು. ಆಕೆಯ ತಲೆಬುರುಡೆಯ ತಳದಲ್ಲಿ ಮೊದಲೇ ದೋಷವಿತ್ತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಅದೇ ವರ್ಷ 7 ತಿಂಗಳಲ್ಲಿ 6,43,284 ಪರೀಕ್ಷೆ ನಡೆದವು. ತೊಂದರೆಯಾಗಿ ಆಸ್ಪತ್ರೆಗೆ ಓಡಿದವರು 8 ಮಂದಿ. ನಾಲ್ವರಿಗೆ ರಕ್ತ, ನಾಲ್ವರ ಮೂಗಿನಲ್ಲಿ ಮುರಿದ ಕಡ್ಡಿ.

ನಮ್ಮ ತಕರಾರು ಅವಸರದ ಕೈ ಮೇಲೆ. 2021ರ ಮೇ ತಿಂಗಳಲ್ಲಿ ನಗರ್ತಪೇಟೆಯಲ್ಲಿ ಪರೀಕ್ಷೆ ಬೇಡವೆಂದ ಯುವಕನಿಗೆ ಆಗಿನ ಬಿಬಿಎಂಪಿ ಸಿಬ್ಬಂದಿ ಹೊಡೆದ ದೃಶ್ಯವನ್ನು ಊರೇ ನೋಡಿತು. ಇಂಥದ್ದನ್ನು ಕಂಡ ಜನ ಹೆದರದೆ ಇನ್ನೇನು? ತಲೆ ಕೊಡವುವವನ ಮೂಗಿಗೆ ಕಡ್ಡಿ ತುರುಕಿದರೆ ಗಾಯ ಖಂಡಿತ. ಅಡ್ಡ ಸಿಕ್ಕರೆ ಒತ್ತಬಾರದು, ಇನ್ನೊಂದು ಹೊಳ್ಳೆ ನೋಡಬೇಕು.

ಮೂಗಿನ ಆಪರೇಷನ್ ಆಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಗಂಟಲಿನಿಂದಲೂ ತೆಗೆಯಬಹುದು. ಪರೀಕ್ಷೆಯಾದ ಮೇಲೆ ಒಂದೇ ಹೊಳ್ಳೆಯಿಂದ ತಿಳಿನೀರು ಹನಿಯುತ್ತಿದ್ದರೆ ನೆಗಡಿ ಅಂತ ಕೂರಬೇಡಿ, ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಿ. ಆರೋಗ್ಯ ಕೇಂದ್ರದವರೂ ಕಡ್ಡಿ ಎತ್ತುವ ಮೊದಲು ಇಷ್ಟನ್ನು ಕೇಳಲಿ. ಅರ್ಧ ನಿಮಿಷದ ಕೆಲಸ.