ದೇಹದ ಮರುಮೋಜಣಿ

ಊನಗೊಂಡ ಜವಾನ ಸೇನೆ ಬಿಡುವ ಮುನ್ನ ಮೆಡಿಕಲ್ ಬೋರ್ಡ್ ಎದುರು ಕೂರಬೇಕು. ಅವನ ಅಂಗವೈಕಲ್ಯ ಪಿಂಚಣಿಗಾಗಿ ಬೋರ್ಡ್ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯುತ್ತದೆ. ಈ ಊನಕ್ಕೆ ಸೇವೆ ಕಾರಣವೇ, ಇಲ್ಲವೇ ಸೇವೆಯಿಂದ ಅದು ಉಲ್ಬಣಿಸಿತೇ? ಪ್ರಮಾಣ ಶೇಕಡಾ ಎಷ್ಟು? ಎಷ್ಟು ಕಾಲಕ್ಕೆ? ಮೊದಲೆರಡು ಪ್ರಶ್ನೆಗಳ ಮೇಲೆ ನಮ್ಮ ಕೋರ್ಟುಗಳು ಪುಟಗಟ್ಟಲೆ ಬರೆದಿವೆ. ಮೂರನೆಯದಕ್ಕೆ ಫಾರಂನಲ್ಲಿ ಸಿಗುವುದು ಒಂದು ಸಣ್ಣ ಕಾಲಂ. ಆದರೆ ಅಲ್ಲಿ ‘ಎರಡು ವರ್ಷ’ ಎಂದು ಬೀಳುವುದಕ್ಕೂ ‘ಜೀವನಪರ್ಯಂತ’ ಎಂದು ಬೀಳುವುದಕ್ಕೂ ಒಂದು ಸಂಸಾರದ ಲೆಕ್ಕಾಚಾರವೇ ಬದಲಾಗುತ್ತದೆ.

ಹಿಂದೆ ಅವಧಿ ಕಟ್ಟುವುದೇ ರೂಢಿಯಾಗಿತ್ತು. ಅವಧಿ ಮುಗಿದೊಡನೆ ಮಿಲಿಟರಿ ಆಸ್ಪತ್ರೆಯಿಂದ ಕರೆ, ಮತ್ತೆ ಬೋರ್ಡ್, ಮತ್ತೆ ಹೊಸ ಶೇಕಡಾವಾರು. ಇದಕ್ಕೆ ಸೇನೆಯಲ್ಲಿ ‘ರೀಸರ್ವೇ’ ಎಂದೇ ಹೆಸರು. ಜಮೀನಿಗೆ ಮರುಮೋಜಣಿ ಆದ ಹಾಗೆ ದೇಹಕ್ಕೂ ಮರುಮೋಜಣಿ. 1961ರ ಸೇನಾ ಪಿಂಚಣಿ ನಿಯಮಗಳ ಪ್ರಕಾರ, ಮರುಪರೀಕ್ಷೆಯಲ್ಲಿ ಊನ ಶೇ 20ಕ್ಕಿಂತ ಕೆಳಗಿಳಿದರೆ ಆ ದಿನದಿಂದಲೇ ಪಿಂಚಣಿಯ ಎರಡು ಬಾಬ್ತುಗಳಲ್ಲಿ ಊನದ ಬಾಬ್ತಿನ ಹಣ ನಿಲ್ಲುತ್ತಿತ್ತು. ಸೇವೆಯ ಬಾಬ್ತಿನದು ಮಾತ್ರ ಮುಂದುವರಿಯುತ್ತಿತ್ತು.

2001ರ ಫೆಬ್ರವರಿ 7ರಂದು ರಕ್ಷಣಾ ಸಚಿವಾಲಯ ಈ ಪದ್ಧತಿಗೆ ತೆರೆ ಎಳೆಯಿತು. ನಿಯತಕಾಲಿಕ ರೀಸರ್ವೇ ಇನ್ನಿಲ್ಲ. ಶಾಶ್ವತ ಸ್ವರೂಪದ ಊನಕ್ಕೆ ಒಮ್ಮೆ ಆದ ನಿರ್ಧಾರ ಬದುಕಿರುವ ತನಕ. ಮಾಜಿ ಸೈನಿಕ ತಾನಾಗಿ ಕೇಳಿದರೆ ಮಾತ್ರ ಮರುಪರಿಶೀಲನೆ. ಶಾಶ್ವತವಲ್ಲದ ಊನಕ್ಕೆ ನಿಗದಿತ ಕಾಲದೊಳಗೆ ಒಂದೇ ಒಂದು ಮರುಪರೀಕ್ಷೆ, ಆಮೇಲೆ ಅದೂ ಅಂತಿಮ. ಕಾಗದದ ಮೇಲೆ ಜಗಳ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾವುದು ಶಾಶ್ವತ, ಯಾವುದು ಅಲ್ಲ ಎಂದು ಹೇಳುವ ಪೆನ್ನು ಬೋರ್ಡಿನ ಕೈಯಲ್ಲೇ ಉಳಿಯಿತಲ್ಲ!

ಅವಧಿ ಕಟ್ಟುವವರ ವಾದವನ್ನು ಜಿಪುಣತನವೆಂದು ತಳ್ಳಿಹಾಕುವಂತಿಲ್ಲ. ಮೈ ಮಾಯುತ್ತದೆ. ಪ್ಯಾರಾಶೂಟ್ ಇಳಿತದಲ್ಲಿ ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡವನು ಆರು ತಿಂಗಳಿಗೆ ಕುಂಟುತ್ತಾನೆ, ಎರಡು ವರ್ಷಕ್ಕೆ ಓಡಲೂಬಹುದು. ತೀವ್ರ ಖಿನ್ನತೆಯಿಂದ ಬೋರ್ಡ್ ಔಟ್ ಆದವನು, ಅಂದರೆ ವೈದ್ಯಕೀಯ ಕಾರಣಕ್ಕೆ ಸೇವೆಯಿಂದ ಬಿಡುಗಡೆಯಾದವನು, ಊರಿನ ಗಾಳಿ, ಮನೆಯವರ ಆಸರೆ, ಸರಿಯಾದ ಔಷಧದಿಂದ ಚೇತರಿಸಿಕೊಳ್ಳಬಹುದು. ಅಂಗವೈಕಲ್ಯ ಪಿಂಚಣಿ ಕಳೆದುಹೋದ ಶಕ್ತಿಗೆ ಕೊಡುವ ಪರಿಹಾರವೇ ಆದರೆ, ಶಕ್ತಿ ಮರಳಿದ ಮೇಲೂ ಅದು ಯಾಕೆ ಹರಿಯಬೇಕು? ಅದೇ ಖಜಾನೆಯ ಹಣ ಎರಡೂ ಕಾಲು ಕಳೆದುಕೊಂಡವನಿಗೂ ಹೋಗಬೇಕಲ್ಲವೇ?

ಈ ಪಕ್ಷದ ಇನ್ನೊಂದು ಮಾತು ಸೈನಿಕನ ಪರವಾಗಿಯೇ ಇದೆ. ಗಾಯ ಇನ್ನೂ ಹಸಿಯಾಗಿರುವಾಗ ‘ಜೀವನಪರ್ಯಂತ’ ಎಂದು ಬರೆಯಲು ವೈದ್ಯರನ್ನು ಒತ್ತಾಯಿಸಿದರೆ, ಅವರ ಪೆನ್ನು ಶೇಕಡಾವಾರಿನಲ್ಲಿ ಬಿಗಿಯಾಗುತ್ತದೆ. ಎರಡು ವರ್ಷಕ್ಕೆಂದಾದರೆ ಧಾರಾಳವಾಗಿ 40 ಬರೆಯುವವರು, ಬದುಕಿಡೀ ಎಂದಾಗ 20ಕ್ಕೆ ನಿಲ್ಲಿಸಬಹುದು. ಅವಸರದ ಶಾಶ್ವತತೆ ಕಡಿಮೆ ಅಂಕಿಯನ್ನೇ ಶಿಲಾಶಾಸನ ಮಾಡಿಬಿಡುವ ಅಪಾಯ ಸಣ್ಣದಲ್ಲ.

ಈಗ ಆಚೆಯ ದಂಡೆ. ಕತ್ತರಿಸಿದ ಕಾಲು ಚಿಗುರುವುದಿಲ್ಲ. ಅದನ್ನು ಮತ್ತೆ ನೋಡಿ ವೈದ್ಯರು ಕಲಿಯುವುದೇನೂ ಇಲ್ಲ. ಗದಗಿನ ಕಡೆಯ ಹಳ್ಳಿಯವನು ಒಂದು ಪರೀಕ್ಷೆಗೆಂದು ಬೆಳಗಾವಿಗೋ ಬೆಂಗಳೂರಿಗೋ ಹೋಗಬೇಕಾದರೆ, ಸೆಕ್ಯುರಿಟಿ ಗಾರ್ಡ್ ಕೆಲಸದ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ಹಳೆಯ ಡಿಸ್ಚಾರ್ಜ್ ಬುಕ್ಕು, ಎಕ್ಸ್‌ರೇ ಎಲ್ಲ ಹೊತ್ತು ಹೋಗಬೇಕು. ಎರಡು ವರ್ಷಕ್ಕೆ ನಿಂತುಹೋಗಬಹುದಾದ ಹಣವನ್ನು ನೆಚ್ಚಿ ಮನೆ ಸಾಲ ಎತ್ತಲಾಗದು, ಮಗಳ ಓದಿಗೆ ಮಾತು ಕೊಡಲಾಗದು.

ಮರುಪರೀಕ್ಷೆಯ ಭಯ ಚೇತರಿಕೆಗೂ ಅಡ್ಡಗಾಲು. ಗುಣವಾದರೆ ಹಣ ಹೋಗುತ್ತದೆ ಎಂದು ಗೊತ್ತಿರುವವನ ಮನಸ್ಸು ಗುಣವಾಗಲು ಹಿಂಜರಿಯುತ್ತದೆ. ಇದು ಮೋಸವಲ್ಲ, ಮನುಷ್ಯ ಸ್ವಭಾವ. ಇನ್ನೂ ಗಟ್ಟಿಯಾದ ವಾದವೆಂದರೆ ವಯಸ್ಸಿನದು. ಮೂವತ್ತೈದರ ದೇಹ ಹಾಳಾದ ಮಂಡಿಯ ಭಾರವನ್ನು ಬೇರೆ ಸ್ನಾಯುಗಳ ಮೇಲೆ ಹಾಕಿ ಸುಧಾರಿಸಿಕೊಳ್ಳುತ್ತದೆ. ಅರವತ್ತರಲ್ಲಿ ಆ ಸಾಲವನ್ನು ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಸೇವೆ ಬಿಟ್ಟ ಎರಡು ವರ್ಷಕ್ಕೇ ಅಳೆಯುವ ಬೋರ್ಡ್ ದೇಹವನ್ನು ಅದರ ಒಳ್ಳೆಯ ದಿನಗಳಲ್ಲೇ ಅಳೆದಂತಾಯಿತು.

2019ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ನೌಕಾಪಡೆಯ ಒಬ್ಬ ಕಮಾಂಡರ್‌ನ ಪ್ರಕರಣದಲ್ಲಿ ಈ ಕಡೆಗೇ ವಾಲಿತು. ಸಕ್ಕರೆ ಕಾಯಿಲೆಯೂ ಸೇರಿದಂತೆ ಅವರ ರೋಗಗಳು ಶಾಶ್ವತ ಸ್ವರೂಪದವು, ಹಾಗಾಗಿ ಪಿಂಚಣಿಗೆ ಐದು ವರ್ಷದ ಬೇಲಿ ಹಾಕುವಂತಿಲ್ಲ ಎಂದು 2001ರ ಆದೇಶವನ್ನೇ ಆಧರಿಸಿ ಹೇಳಿತು. ಸಕ್ಕರೆ ಕಾಯಿಲೆಗೂ ಬದುಕಿಡೀ ಪಿಂಚಣಿಯೇ ಎಂದು ಹುಬ್ಬೇರಿಸುವವರಿದ್ದಾರೆ. ಆದರೆ ಅವರ ತಕರಾರು ಮೊದಲನೆಯ ಪ್ರಶ್ನೆಗೆ, ಅಂದರೆ ಸೇವೆ ಕಾರಣವೇ ಎಂಬುದಕ್ಕೆ ಸೇರಿದ್ದು. ಕಾರಣದ ಬಗೆಗಿನ ಅನುಮಾನವನ್ನು ಅವಧಿಯ ಕಾಲಂನಲ್ಲಿ ತೀರಿಸಿಕೊಳ್ಳುವುದು ಸರಿಯಲ್ಲ.

ಅಮೆರಿಕದಲ್ಲೂ ಇದೇ ತಿಕ್ಕಾಟವಿದೆ. ಅಲ್ಲಿ ಸ್ಥಿತಿ ಇನ್ನೂ ಸ್ಥಿರವಾಗದ ಸೈನಿಕರನ್ನು ತಾತ್ಕಾಲಿಕ ನಿವೃತ್ತಿ ಪಟ್ಟಿಯಲ್ಲಿಡುತ್ತಾರೆ. ಹೆಚ್ಚೆಂದರೆ ಐದು ವರ್ಷ ಇದ್ದ ಆ ಅವಧಿಯನ್ನು 2017ರಿಂದ ಹೊಸದಾಗಿ ಸೇರುವವರಿಗೆ ಮೂರಕ್ಕೆ ಇಳಿಸಿದರು. ಆಘಾತದಿಂದ ಮನಸ್ಸು ಕದಡಿ ಸೇವೆಯಿಂದ ಬಿಡುಗಡೆಯಾದವನಿಗೆ ಮೊದಲೇ ಕನಿಷ್ಠ ಶೇ 50 ಕೊಟ್ಟು, ಆರು ತಿಂಗಳೊಳಗೆ ಮತ್ತೆ ಪರೀಕ್ಷಿಸುತ್ತಾರೆ. ಇನ್ನೊಂದು ತುದಿಯಲ್ಲಿ, 55 ದಾಟಿದವರನ್ನು ಸಾಮಾನ್ಯವಾಗಿ ಮರುಪರೀಕ್ಷೆಗೆ ಕರೆಯುವುದಿಲ್ಲ. ಇಪ್ಪತ್ತು ವರ್ಷ ಒಂದೇ ಮಟ್ಟದಲ್ಲಿ ನಿಂತ ಶೇಕಡಾವಾರನ್ನು, ವಂಚನೆ ಸಾಬೀತಾಗದ ಹೊರತು, ಇಳಿಸುವಂತಿಲ್ಲ. ಅನುಮಾನ ಇರುವಾಗ ಕೈಬಿಚ್ಚಿ ಕೊಡು, ಬೇಗ ನೋಡು; ಕಾಲ ಕಳೆದಂತೆಲ್ಲ ಕಣ್ಣು ತಗ್ಗಿಸು. ತಾತ್ಕಾಲಿಕತೆ ಅಲ್ಲಿ ಶಾಶ್ವತತೆಗೆ ಹತ್ತುವ ಮೆಟ್ಟಿಲು.

ನಮ್ಮಲ್ಲಿ ಮೆಟ್ಟಿಲಿಲ್ಲ, ಪ್ರಪಾತವಿದೆ. ಲೆಕ್ಕ ನೋಡಿ. ನೂರಕ್ಕೆ ನೂರು ಊನಕ್ಕೆ ಕೊನೆಯ ವೇತನದ ಶೇ 30, ಕಡಿಮೆಯಾದಂತೆ ಅದೇ ಪ್ರಮಾಣದಲ್ಲಿ ಇಳಿಕೆ. ಇದರ ಮೇಲೆ 2001ರ ಜನವರಿ 31ರ ಆದೇಶವೊಂದಿದೆ. ಅದರಂತೆ ಬೋರ್ಡ್ ಔಟ್ ಆದವರ 50ಕ್ಕಿಂತ ಕಡಿಮೆ ಊನವನ್ನು 50 ಎಂದೇ ಲೆಕ್ಕ ಹಿಡಿಯುತ್ತಾರೆ. ಕೊನೆಯ ವೇತನ 60,000 ರೂಪಾಯಿ ಎಂದಿಟ್ಟುಕೊಂಡರೆ, ಶೇ 20 ಊನವಿರುವವನಿಗೆ ತಿಂಗಳಿಗೆ 9,000 ಸಿಗುತ್ತದೆ. ಮರುಪರೀಕ್ಷೆಯಲ್ಲಿ 20 ಹೋಗಿ 19 ಆದರೆ ಊನದ ಬಾಬ್ತು ಸೊನ್ನೆ. ಒಂದೇ ಅಂಕದ ಬೆಲೆ ಒಂಬತ್ತು ಸಾವಿರ! ಮಂಡಿ ಎಷ್ಟು ಮಡಚುತ್ತದೆ ಎಂದು ನೋಡುವ ವೈದ್ಯನ ಅಂದಾಜಿನಲ್ಲಿ ಒಂದು ಅಂಕ ಅತ್ತಿತ್ತ ಆಗುವುದು ದೊಡ್ಡ ಮಾತೇ?

ನನಗೆ ಕಾಣುವಂತೆ ಎರಡು ಪಕ್ಷಗಳೂ ಕಾದಾಡುತ್ತಿರುವುದು ಈ ಬಾಂದುಕಲ್ಲಿನ ಸುತ್ತ. ಬೈಯುವುದು ಮಾತ್ರ ಮೋಜಣಿಯನ್ನು. 20ರ ಗೆರೆ ಇಷ್ಟು ಕಡಿದಾಗಿರುವ ತನಕ, ಎಷ್ಟೇ ಸದ್ಭಾವದಿಂದ ಕರೆದರೂ ಮರುಪರೀಕ್ಷೆ ಸೈನಿಕನಿಗೆ ಜಪ್ತಿ ನೋಟಿಸಿನಂತೆಯೇ ಕೇಳಿಸುತ್ತದೆ. ಅವನು ಜೀವನಪರ್ಯಂತಕ್ಕೆ ಹಟ ಹಿಡಿಯುವುದು, ಸರ್ಕಾರ ಅವಧಿ ಕಟ್ಟಲು ನೋಡುವುದು, ಎರಡಕ್ಕೂ ಅರ್ಥವಿದೆ. ಇಳಿತ ಹಂತಹಂತವಾಗಿದ್ದರೆ, 19 ಬಂದವನಿಗೂ 19ರಷ್ಟು ಸಿಗುವಂತಿದ್ದರೆ, ಮಾಯುವ ಗಾಯಕ್ಕೆ ಒಂದು ಪ್ರಾಮಾಣಿಕ ಮರುಪರೀಕ್ಷೆಯನ್ನು ಬಹುಪಾಲು ಸೈನಿಕರು ಒಪ್ಪಿಯಾರು. ಮಾಯದ ಗಾಯಕ್ಕೆ ಪರೀಕ್ಷೆಯೇ ಬೇಡವೆಂಬುದನ್ನು ಸರ್ಕಾರವೂ ಒಪ್ಪೀತು. 2001ರ ಫೆಬ್ರವರಿಯ ಆದೇಶ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಅಳೆಯುವ ಸರಪಳಿ ಸರಿಯಾಗಿಯೇ ಇದೆ. ಕಲ್ಲನ್ನು ಮಾತ್ರ ಇನ್ನೂ ಯಾರೂ ಕದಲಿಸಿಲ್ಲ.