ಫೇಲಾದ ಹುಡುಗನನ್ನು ಅಂಗಡಿಗೆ ಹಾಕುವ ಮೊದಲು

2025ರ ಮೇ 2ರ ಶುಕ್ರವಾರ ಎಸೆಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂತು. ದಕ್ಷಿಣ ಕನ್ನಡ ಶೇ. 91.12 ಪಡೆದು ರಾಜ್ಯಕ್ಕೇ ಮೊದಲು, ಉಡುಪಿ ಎರಡನೆಯದು. ಊರಿನಿಂದ ವಾಟ್ಸ್ಆ್ಯಪ್‌ನಲ್ಲಿ ಒಂದೇ ಸಮನೆ ಸಂತೋಷದ ಸಂದೇಶಗಳು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಅಂಗಡಿ, ಹೋಟೆಲು ಇಟ್ಟುಕೊಂಡಿರುವ ನಮ್ಮ ಬ್ಯಾರಿ ಮನೆಗಳವರೂ ಅವನ್ನು ಫಾರ್ವರ್ಡ್ ಮಾಡಿದರು. ಊರಿನ ಹೆಮ್ಮೆ ತಪ್ಪಲ್ಲ. ಆದರೆ ಇಲ್ಲಿನ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳ ಲೆಕ್ಕ ಸೇರುವುದು ಬೆಂಗಳೂರು ಗ್ರಾಮಾಂತರಕ್ಕೆ.

ಆ ಲೆಕ್ಕ ಹೀಗಿದೆ: ಈ ವರ್ಷ ಶೇ. 74.02, ರಾಜ್ಯದಲ್ಲಿ ಒಂಬತ್ತನೇ ಸ್ಥಾನ. ರಾಜ್ಯದ 66.14ಕ್ಕಿಂತ ಮೇಲೆಯೇ ಇದೆ, ಪರವಾಗಿಲ್ಲ ಅನ್ನಬಹುದು. ಆದರೆ 2023ರಲ್ಲಿ ಇದೇ ಜಿಲ್ಲೆ 96.48 ಪಡೆದು ನಾಲ್ಕನೇ ಸ್ಥಾನದಲ್ಲಿತ್ತು. 2024ರಲ್ಲಿ 83.67ಕ್ಕೆ ಇಳಿಯಿತು. ನೂರಕ್ಕೆ ನಾಲ್ಕು ಮಕ್ಕಳು ಫೇಲಾಗುತ್ತಿದ್ದ ಕಡೆ ಈಗ ಇಪ್ಪತ್ತಾರು ಮಕ್ಕಳು. ಎರಡೇ ವರ್ಷದಲ್ಲಿ ಮಕ್ಕಳ ಬುದ್ಧಿ ಇಷ್ಟು ಕೆಟ್ಟುಹೋಯಿತೇ? ಇಲ್ಲ. 2024ರಿಂದ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕ್ಯಾಮರಾ ಕೂತಿತು. 2023ರಲ್ಲಿ ದಕ್ಷಿಣ ಕನ್ನಡ 19ನೇ ಸ್ಥಾನದಲ್ಲಿತ್ತು, ಶೇ. 89.47. ಆಗ ಊರಿನವರು ಬೇಜಾರು ಮಾಡಿಕೊಂಡಿದ್ದು ನೆನಪಿರಬಹುದು. ಆ ಜಿಲ್ಲೆಯ ಅಂಕಿ ಅಲ್ಲಿಂದ ಇಲ್ಲಿಗೆ ಹೆಚ್ಚೇನೂ ಏರಿಲ್ಲ; ಉಳಿದವರದ್ದು ಇಳಿದಿದೆ, ಅಷ್ಟೇ.

ಮದೀನಾದ ಪೇಟೆಯಲ್ಲಿ ಪ್ರವಾದಿ(ಸ.ಅ.)ರು ಧಾನ್ಯದ ರಾಶಿಯೊಳಗೆ ಕೈ ಹಾಕಿ, ಮೇಲೆ ಒಣಗಿ ಅಡಿಯಲ್ಲಿ ಒದ್ದೆಯಾಗಿದ್ದುದನ್ನು ಕಂಡು ವರ್ತಕನನ್ನು ಪ್ರಶ್ನಿಸಿದ ಪ್ರಸಂಗ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಈ ಕ್ಯಾಮರಾ ರಾಶಿಯೊಳಗೆ ಹಾಕಿದ ಕೈಯ ಹಾಗೆ. ಯಾವುದೇ ಶಾಲೆಯ ಮೇಲೆ ನಾವು ಬೆರಳು ತೋರಿಸುತ್ತಿಲ್ಲ. ಒದ್ದೆ ಇದ್ದದ್ದು ಹೊರಗೆ ಕಂಡಿತಲ್ಲ, ಅದು ಒಳ್ಳೆಯದೇ ಆಯಿತು. 2024ರಲ್ಲಿ ಸರಕಾರ ಗ್ರೇಸ್ ಅಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ ಅದನ್ನು ಸ್ವಲ್ಪ ಮುಚ್ಚಿಟ್ಟಿತು. ಈ ವರ್ಷ ಆ ಹೊದಿಕೆಯೂ ಹೋಯಿತು.

ಪರೀಕ್ಷೆ ರಮಳಾನ್‌ನಲ್ಲಿ ಬಂತು, ಅದಕ್ಕೇ ಹೀಗಾಯ್ತು ಎನ್ನುವ ಮಾತು ಕೇಳಿಬರುತ್ತಿದೆ. ಮಾರ್ಚ್ 21ಕ್ಕೆ ಶುರು, 24ಕ್ಕೆ ಗಣಿತ, ಪೆರ್ನಾಳ್ ಕಳೆದು ಎರಡೇ ದಿನಕ್ಕೆ ವಿಜ್ಞಾನ, ಕಷ್ಟವೇ, ಒಪ್ಪೋಣ. ಆದರೆ ಜನಸಂಖ್ಯೆಯಲ್ಲಿ ಸುಮಾರು ಕಾಲು ಭಾಗ ಮುಸ್ಲಿಮರಿರುವ ಜಿಲ್ಲೆಯೇ ಅದೇ ಉಪವಾಸದ ದಿನಗಳಲ್ಲಿ ಪರೀಕ್ಷೆ ಬರೆದು ಮೊದಲ ಸ್ಥಾನಕ್ಕೆ ಬಂದಿದೆ. ಉಪವಾಸದ ಮೇಲೆ ಹೊರೆ ಹಾಕುವುದು ಬೇಡ.

ಹಾಗಾದರೆ ಎಲ್ಲಿ ನೋಡಬೇಕು? ರಾಜ್ಯದಲ್ಲಿ ಈ ಸಲ ಹುಡುಗಿಯರು ಶೇ. 74, ಹುಡುಗರು 58.07. ನಮ್ಮ ಮನೆಗಳಲ್ಲಿ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹುಡುಗಿ ಶಾಲೆಯಿಂದ ಬಂದರೆ ಪುಸ್ತಕ ಹಿಡಿಯುತ್ತಾಳೆ. ಹುಡುಗ ಎಂಟನೇ ತರಗತಿಗೆ ಬಂದನೆಂದರೆ ಸಂಜೆ ಗಲ್ಲಾದಲ್ಲಿ ಕೂರಬೇಕು, ರಾತ್ರಿ ಅಂಗಡಿಯ ಬಾಗಿಲು ಹಾಕುವವರೆಗೆ ನಿಲ್ಲಬೇಕು. ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಕೆ. ಫಲಿತಾಂಶ ಬಂದ ಮೇಲೆ ಉಮ್ಮ ಅಳುತ್ತಾಳೆ, ತಂದೆ ಹೇಳುವುದು ಒಂದೇ ಮಾತು: "ಸಾಕು ಬಿಡು, ನಾಳೆಯಿಂದ ಅಂಗಡಿಗೆ ಬಾ." ಸಿಟ್ಟಿನ ಮಾತೇನಲ್ಲ ಅದು, ಪ್ರೀತಿಯ ಮಾತೇ. ಆದರೆ ಆ ಒಂದು ಮಾತಿಗೆ ಹುಡುಗನ ಓದು ಮುಗಿಯುತ್ತದೆ.

ನಾಳೆ ಅವನು ಗಲ್ಫಿಗೆ ಹೊರಟರೆ? ಹತ್ತನೇ ಪಾಸಾಗದವನ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಸಿಆರ್ ಮುದ್ರೆ ಬೀಳುತ್ತದೆ. ಸೌದಿ, ಯುಎಇ, ಕುವೈತ್, ಕತರ್, ಒಮಾನ್, ಬಹರೈನ್, ಎಲ್ಲಿಗೆ ಕೆಲಸಕ್ಕೆ ಹೋಗುವುದಿದ್ದರೂ ವಲಸೆ ಇಲಾಖೆಯ ಅನುಮತಿಗೆ ಅಲೆಯಬೇಕು. ಹತ್ತನೇ ಪಾಸಾದವನಿಗೆ ಆ ತಾಪತ್ರಯ ಇಲ್ಲ. ಮಗನಿಗೆ ಓದು ಬೇಡ, ದುಡಿಮೆ ಸಾಕು ಎನ್ನುವವರೂ ಇದನ್ನು ಯೋಚಿಸಬೇಕು.

ಬೇಕಾಗಿರುವುದು ಬಹಳವೇನಲ್ಲ. ಗಣಿತವೋ ವಿಜ್ಞಾನವೋ ನೂರು ಅಂಕದ ವಿಷಯದಲ್ಲಿ ಇಪ್ಪತ್ತು ಆಂತರಿಕ ಅಂಕ ಶಾಲೆಯಲ್ಲೇ ಸಿಗುತ್ತದೆ. 2025ರ ನಿಯಮದಂತೆ ಉಳಿದ 80ರಲ್ಲಿ 28 ಅಂಕವನ್ನು ಹುಡುಗ ಒಬ್ಬನೇ ಕೂತು, ಕ್ಯಾಮರಾದ ಎದುರು ಬರೆದು ತೆಗೆಯಬೇಕಿತ್ತು. ಇಪ್ಪತ್ತೆರಡಕ್ಕೋ ಇಪ್ಪತ್ತನಾಲ್ಕಕ್ಕೋ ನಿಂತ ಹುಡುಗನಿಗೆ ಇಪ್ಪತ್ತೆಂಟು ದೂರದ ಊರಾಗಿರಲಿಲ್ಲ.

2025ರಲ್ಲಿ ಪರೀಕ್ಷೆ-2 ಮೇ 26ಕ್ಕೆ ಶುರುವಾಗಿ ಜೂನ್ 2ಕ್ಕೆ ಮುಗಿಯಿತು. ಹಿಂದಿನ ಸಪ್ಲಿಮೆಂಟರಿ ಎಂಬ ಹೆಸರು ಈಗಿಲ್ಲ. ಫೇಲಾದ ವಿಷಯ ಮಾತ್ರ ಬರೆದರೆ ಸಾಕು, ಅದರಲ್ಲೂ ಆಗದಿದ್ದರೆ 2025ರಲ್ಲಿ ಪರೀಕ್ಷೆ-3 ಇತ್ತು. ವರ್ಷ ಹಾಳಾಗುವುದಿಲ್ಲ, ಇದೇ ಸಾಲಿನಲ್ಲಿ ಪಿಯುಸಿಗೆ ಸೇರಬಹುದು. ಆದರೆ ಹೆಸರು ನೋಂದಾಯಿಸುವುದು ಶಾಲೆಯ ಮೂಲಕ, ಅದಕ್ಕೆ ಕೊನೆಯ ದಿನಾಂಕವೂ ಉಂಟು. ಹುಡುಗ ನಾಚಿಕೆಯಿಂದ ಶಾಲೆಯ ಕಡೆ ತಲೆ ಹಾಕದಿದ್ದರೆ ತಂದೆಯೇ ನಾಳೆ ಬೆಳಿಗ್ಗೆ ಹೋಗಿ ಹೆಡ್ಮಾಸ್ಟರರನ್ನು ಕಾಣಬೇಕು.

ಜಮಾಅತ್ ಕಮಿಟಿಗಳಿಗೂ ಒಂದು ಮಾತು. ಮದ್ರಸದ ಪಬ್ಲಿಕ್ ಪರೀಕ್ಷೆ ಬಂದಾಗ ನಾವು ಉಸ್ತಾದರುಗಳು ಮಕ್ಕಳನ್ನು ರಾತ್ರಿ ಕೂರಿಸಿ ಹೇಳಿಕೊಡುವುದುಂಟು, ಮನೆಯವರು ಕಳಿಸಿಕೊಡುವುದೂ ಉಂಟು. ಅದೇ ಚಾಪೆ, ಅದೇ ಬೋರ್ಡು, ಅದೇ ದೀಪ. ಮಗ್ರಿಬ್‌ನಿಂದ ಇಶಾವರೆಗೆ ಈಗ ಒಂದು ಗಂಟೆಗೂ ಹೆಚ್ಚು ಹೊತ್ತು ಸಿಗುತ್ತದೆ. ನಮಗೆ ಬೀಜಗಣಿತ ಬರುವುದಿಲ್ಲವೆಂದರೆ ಜಮಾಅತಿನಲ್ಲೇ ಬಿಕಾಂ, ಬಿಎಸ್ಸಿ ಓದುವ ಮಕ್ಕಳಿದ್ದಾರೆ, ಡಿಗ್ರಿ ಮುಗಿಸಿದ ನಮ್ಮ ಹೆಣ್ಮಕ್ಕಳಿದ್ದಾರೆ. ಹೆಣ್ಮಕ್ಕಳಿಗೆ ಮನೆಯಲ್ಲೇ ನಾಲ್ಕು ಜನರನ್ನು ಕೂರಿಸಿ ಹೇಳಿಕೊಡುವ ವ್ಯವಸ್ಥೆ ಮಾಡಬಹುದು. ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಖರ್ಚು ಕಮಿಟಿಗೆ ದೊಡ್ಡದೇನಲ್ಲ.

2025ರಲ್ಲಿ ಬಕ್ರೀದ್ ಪರೀಕ್ಷೆ ಮುಗಿದ ಮೇಲೆಯೇ ಬಂತು. ಊರಿಗೆ ಹೋಗುವ ಬಸ್ಸಿನ ಟಿಕೆಟನ್ನು ಪರೀಕ್ಷೆ ಮುಗಿದ ದಿನದ ರಾತ್ರಿಗೋ ಆಮೇಲಿಗೋ ಮಾಡಿಸಿ.