ಸಾಲ್ಮನ್‌ಗೆ ಊರಿದೆ, ನಿಂಬೆಗೆ ಇಲ್ವಾ?

ಬೆಂಗಳೂರಿನ ದುಬಾರಿ ಸ್ಟೇಕ್ ಹೋಟೆಲ್‌ಗಳ ಮೆನು ನೋಡಿದ್ದೀರಾ? ಲ್ಯಾಂಬ್ ನ್ಯೂಜಿಲೆಂಡಿನದು, ಸಾಲ್ಮನ್ ನಾರ್ವೆಯದು ಅಂತ ಊರಿನ ಹೆಸರು ಹಾಕಿರ್ತಾರೆ. ಆ ಹೆಸರಿಗೂ ನಾವು ದುಡ್ಡು ಕೊಡ್ತೀವಿ. ತಪ್ಪೇನಿಲ್ಲ ಬಿಡಿ. ಆದರೆ ತಟ್ಟೆಯಂಚಿನ ನಿಂಬೆಹೋಳಿಗೆ ಮಾತ್ರ ಊರೇ ಇಲ್ಲ!

ನಮ್ಮ ವಿಜಯಪುರ ಜಿಲ್ಲೆಯ ಇಂಡಿ ನಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಕಡೆಯ ಎರೆಮಣ್ಣಿನ ಬಿಳಿಜೋಳ ಗೊತ್ತಲ್ಲ? ಅದೂ ಪೇಟೆ ಸೇರಿದ ಮೇಲೆ ಬರೀ 'ಜೋಳ'.

ಟ್ಯಾಗ್ ಅಂದ್ರೆ ಹೆಸರಿನ ರಕ್ಷಣೆ ಅಷ್ಟೇ, ಬೆಲೆಯ ಗ್ಯಾರಂಟಿ ಅಲ್ಲ. ಮಳೆಗಾಲದಲ್ಲಿ ಕಾಯಿ ಜಾಸ್ತಿ ಬಂದು ದರ ಬಿದ್ದಾಗ ಆ ಕಾಗದ ಒಂದೇ ರೈತನನ್ನ ಕಾಯಲ್ಲ. ತಿನ್ನೋರು ಹೆಸರು ಹಿಡಿದು ಕೇಳಬೇಕು, ಹೋಟೆಲ್‌ನವರು ಮೆನುವಿನಲ್ಲಿ ಬರೀಬೇಕು. ಸ್ಟೇಕ್ ಎಷ್ಟು ಬೇಯಬೇಕು ಅಂತ ಅಷ್ಟು ವಿಚಾರಿಸ್ತೀವಿ. ಜೊತೆಗೆ 'ನಿಂಬೆ ಯಾವೂರಿಂದು?' ಅಂತಲೂ ಕೇಳೋಣ. ಏನಂತೀರಾ?